ಪೆನಾಂಗ್ ಗುಡ್ಡದಿಂದ ಇಳಿದ ದಿನ

ಜಾರ್ಜ್‌ಟೌನ್

ನನ್ನ ಅಕ್ಕ ಗಿರಿಜಕ್ಕನಿಗೆ ಪರದೇಶ ನೋಡುವ ಹುಚ್ಚು ಎಂದೂ ಇರಲಿಲ್ಲ. ಭಾವ ತೀರಿಕೊಂಡ ಮೇಲೆ ಚನ್ನಗಿರಿಯಲ್ಲಿ ಅಡಿಕೆ ವ್ಯಾಪಾರವನ್ನು ಒಬ್ಬಳೇ ನಡೆಸಿಕೊಂಡು ಬಂದವಳು ಅವಳು. ದಾವಣಗೆರೆಗೆ ಹೋದರೂ ಸಂಜೆಯ ಬಸ್ಸಿಗೆ ವಾಪಸ್ ಬರುತ್ತಾಳೆ. ಅಂಥವಳನ್ನು ವಿಮಾನ ಹತ್ತಿಸಿದ್ದು ಒಬ್ಬ ವ್ಯಾಪಾರಿಯ ಮಾತು. ಅವಳ ಅಂಗಡಿಯಲ್ಲಿ ಕೂತು ಚಹಾ ಕುಡಿಯುತ್ತ ಅವನು, ಮಲೇಷ್ಯಾದಲ್ಲಿ ಪೆನಾಂಗ್ ಅಂತ ಒಂದು ದ್ವೀಪ ಇದೆ, ಅವರ ಭಾಷೆಯಲ್ಲಿ ಹಾಗೆಂದರೆ ಅಡಿಕೆ, ದ್ವೀಪಕ್ಕೇ ಅಡಿಕೆಯ ಹೆಸರು ಎಂದು ಹೇಳಿದ್ದನಂತೆ. ಮರುದಿನವೇ ಅವಳು ಹೊನ್ನಾಳಿಗೆ ನನಗೆ ಫೋನ್ ಮಾಡಿದಳು.

"ನಮ್ಮ ಮಾಲಿನ ಹೆಸರಿಟ್ಕೊಂಡಿರೋ ಊರು ಅಂತೆ ತಮ್ಮಾ. ಒಂದ್ಸಲ ನೋಡ್ಕಂಡು ಬರಬೇಕು. ನೀನೂ ನಡಿ. ಮನ್ಯಾಗೆ ಕೂತು ಏನು ಗ್ವಾಡೆ ಕಾಯ್ತೀಯ?"

ನಾನು ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿ ನಿವೃತ್ತನಾದವನು. ಬಾರದ ಬಸ್ಸಿಗೆ ಕಾದು ಕೂಗಾಡುವ ಜನರ ನಡುವೆ ಮೂವತ್ತು ವರ್ಷ ಕಳೆದದ್ದರಿಂದ ಯಾವುದಕ್ಕೂ ಹೌಹಾರುವ ಅಭ್ಯಾಸ ನನಗಿಲ್ಲ. ನನ್ನ ಹೆಂಡತಿಗೆ ವಿಮಾನವೆಂದರೆ ಭಯ. ಹೀಗಾಗಿ ದಾವಣಗೆರೆಯಿಂದ ಹೊರಟ ಒಂದು ತಂಡದ ಜೊತೆ ಅಕ್ಕ-ತಮ್ಮ ಇಬ್ಬರೇ ಹೊರಟೆವು.

ಅಡಿಕೆಯ ದ್ವೀಪದಲ್ಲಿ ಅಡಿಕೆ ಹುಡುಕುವುದೇ ಕಷ್ಟವಾಯಿತು. ಜಾರ್ಜ್‌ಟೌನ್ ಎಂಬ ಮುಖ್ಯ ಪಟ್ಟಣದಲ್ಲಿ, ನಾವಿಳಿದ ಹೋಟೆಲಿನ ಮುಂದೆ, ಅಂದಕ್ಕೆಂದು ನೆಟ್ಟ ನಾಲ್ಕು ಅಡಿಕೆ ಮರಗಳಿದ್ದವು. ಅಕ್ಕ ಒಂದರ ಬುಡಕ್ಕೆ ಕೈಯಿಟ್ಟು ಮೇಲೆ ನೋಡಿದಳು. ಗೊನೆ ಹಣ್ಣಾಗಿ ಉದುರುತ್ತಿತ್ತು. ಗುಡಿಸುವವನು ಅದನ್ನು ಎಲೆಯ ಜೊತೆ ಬುಟ್ಟಿಗೆ ತುಂಬುತ್ತಿದ್ದ. ಅಕ್ಕ ಒಂದು ಕಾಯಿ ಎತ್ತಿಕೊಂಡು ಉಗುರಿನಿಂದ ಸಿಪ್ಪೆ ಎಬ್ಬಿಸಿ, ಒಳಗೆ ನೋಡಿ, ಎಸೆದಳು.

"ಹೆಸರಿಗೊಂದು ಅಡಿಕೆ. ನಮ್ಮ ಉಬ್ರಾಣಿ ಕಡೇರಿಗೆ ತೋರಿಸಿದ್ರೆ ನಗ್ತಾರೆ."

ಅಲ್ಲಿಗೆ ಅವಳು ಬಂದ ಕೆಲಸ ಮುಗಿದಂತೆಯೇ ಇತ್ತು. ತಂಡದವರು ಮೂರನೆಯ ದಿನ ಅಂಗಡಿ ಸುತ್ತಲು ಹೊರಟರು. ನಾವಿಬ್ಬರು ಊರಿನ ಬೆನ್ನಿಗೆ ನಿಂತಿರುವ ದೊಡ್ಡ ಗುಡ್ಡಕ್ಕೆ ಹೋಗುವುದೆಂದು ತೀರ್ಮಾನಿಸಿದೆವು. ನನಗೆ ಮೇಲಿನಿಂದ ಊರು ನೋಡುವ ಆಸೆ. ಅಕ್ಕನ ಕಾರಣ ಬೇರೆ.

ಅಕ್ಕ ಲಿಂಗಧಾರಿ. ಇಷ್ಟಲಿಂಗ ಮೈಮೇಲೆ ಇಲ್ಲದೆ ಒಂದು ಗುಟುಕು ನೀರನ್ನೂ ಕುಡಿಯುವವಳಲ್ಲ, ಪೂಜೆಯಾಗದೆ ತಿನ್ನುವವಳಲ್ಲ. ಊರಿನಲ್ಲಿ ಅದು ಬೆಳ್ಳಿಯ ಕರಡಿಗೆಯಲ್ಲಿ ಇರುತ್ತಿತ್ತು. ಬೆಳ್ಳಿ ಕಂಡರೆ ವಿಮಾನ ನಿಲ್ದಾಣದಲ್ಲಿ ಹಿಡಿದು ಕೂರಿಸುತ್ತಾರೆ ಎಂದು ಪಕ್ಕದ ಮನೆಯವರು ಹೆದರಿಸಿದ್ದರಿಂದ ಕರಡಿಗೆಯನ್ನು ಮನೆಯಲ್ಲೇ ಬಿಟ್ಟು, ಲಿಂಗವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡಿದ್ದಳು. ಕಟ್ಟಿದ್ದು ಅಡಿಕೆ ಮೂಟೆ ಹೊಲಿಯುವ ಪ್ಲಾಸ್ಟಿಕ್ ದಾರದಿಂದ. ನೂಲಿನ ದಾರ ಬೆವರಿಗೆ ನೆನೆದು ಪಿಸಿಯುತ್ತದೆ, ಇದಾದರೆ ಕ್ವಿಂಟಾಲ್ ತೂಕ ತಡೆಯುತ್ತದೆ ಎಂಬುದು ಅವಳ ವ್ಯಾಪಾರದ ಲೆಕ್ಕ. ಹೋಟೆಲಿನ ಕೋಣೆಯಲ್ಲಿ, ಬಚ್ಚಲಿನ ಗೋಡೆಗೆ ಅಂಟಿಕೊಂಡು ಕೂತು ಎರಡು ದಿನ ಪೂಜೆ ಮಾಡಿದ್ದು ಅವಳಿಗೆ ಹಿಡಿಸಿರಲಿಲ್ಲ. ಗುಡ್ಡದ ಮೇಲೆ ಗಾಳಿ-ಬೆಳಕಿನಲ್ಲಿ ಮಾಡುತ್ತೇನೆ ಎಂದಳು. ಹೀಗೆ ಬರಿಹೊಟ್ಟೆಯಲ್ಲಿ ಬೆಳಗ್ಗೆಯೇ ಹೊರಟೆವು.

ಕೆಳಗಿನ ಸ್ಟೇಷನ್

ಗುಡ್ಡಕ್ಕೆ ಹಗ್ಗದ ರೈಲು ಇದೆ. ಕಡಿದಾದ ಹಳಿಯ ಮೇಲೆ, ಒಂದೇ ಹಗ್ಗದ ಎರಡು ತುದಿಗೆ ಕಟ್ಟಿದ ಎರಡು ಗಾಡಿಗಳು. ಒಂದು ಮೇಲೆ ಹೋಗುವಾಗ ಇನ್ನೊಂದು ಕೆಳಗೆ ಬರುತ್ತದೆ. ನಡುವೆ ಒಂದೇ ಒಂದು ಕಡೆ ಹಳಿ ಇಬ್ಭಾಗವಾಗಿ, ಎರಡೂ ಒಂದನ್ನೊಂದು ಸವರಿಕೊಂಡು ದಾಟುತ್ತವೆ. ಒಂದು ತಡವಾದರೆ ಇನ್ನೊಂದೂ ತಡವಾಗಲೇಬೇಕು. ಹೊನ್ನಾಳಿ–ನ್ಯಾಮತಿ ಬಸ್ಸುಗಳನ್ನೂ ಹೀಗೆ ಒಂದೇ ಹಗ್ಗಕ್ಕೆ ಕಟ್ಟಿದ್ದರೆ ನನ್ನ ತಲೆಗೂದಲು ಇನ್ನೊಂದಷ್ಟು ವರ್ಷ ಕಪ್ಪಾಗಿರುತ್ತಿತ್ತು. ಗಾಡಿ ಹೇಳಿದ ನಿಮಿಷಕ್ಕೇ ಹೊರಟಿತು. ನಾನು ಗಡಿಯಾರ ನೋಡುತ್ತಲೇ ಇದ್ದೆ.

ಅಕ್ಕ ಸೆರಗನ್ನು ಎದೆಗೆ ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿದ್ದಳು. ಎದುರಿಗೆ ಕೂತ ಚೀನೀ ಹೆಂಗಸು ಅವಳ ಮೊಣಕಾಲು ತಟ್ಟಿ ಏನೋ ಧೈರ್ಯ ಹೇಳಿದಳು. ಅಕ್ಕ ಕಣ್ಣು ಬಿಡದೆ "ಆತು ಬಿಡವ್ವ" ಎಂದಳು. ಇಬ್ಬರಿಗೂ ಸಮಾಧಾನವಾದಂತೆ ಕಂಡಿತು.

ತುದಿ

ಮೇಲೆ ತಂಪಿತ್ತು. ಒಂದು ಮುರುಗನ ಗುಡಿ, ಅದರ ಪಕ್ಕದಲ್ಲೇ ಮಸೀದಿ, ಸುತ್ತ ಹೂಗಿಡಗಳು. ಗುಡಿಯ ಅಂಗಳವನ್ನು ರಬ್ಬರ್ ಬೂಟು ಹಾಕಿಕೊಂಡ ಒಬ್ಬ ತಮಿಳು ಹೆಂಗಸು ಗುಡಿಸುತ್ತಿದ್ದಳು. ನಲವತ್ತೈದರ ಆಸುಪಾಸು ವಯಸ್ಸು, ಹಣೆಯಲ್ಲಿ ವಿಭೂತಿ. ಒಳಗೆ ಹೋಗಿ ಕೂರಬಹುದು ಎಂದು ಕೈ ತೋರಿಸಿದಳು.

"ಅಲ್ಲಿ ಅವರ ದೇವರು ಐತೆ, ಇರ್ಲಿ. ನನ್ನ ದೇವರಿಗೆ ಗುಡಿ ಬ್ಯಾಡ, ಅಂಗೈ ಸಾಕು," ಎಂದು ಅಕ್ಕ ಹೊರಗೆ ನಲ್ಲಿಯ ಹತ್ತಿರದ ಕಲ್ಲುಬೆಂಚಿನ ಮೇಲೆ ಕೂತಳು. ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ನೀರೆರೆದಳು, ವಿಭೂತಿ ಹಚ್ಚಿದಳು, ಅದನ್ನೇ ನೋಡುತ್ತ ಕೂತುಬಿಟ್ಟಳು. ಗುಡಿಸುವವಳು ಪೊರಕೆ ನಿಲ್ಲಿಸಿ ಸ್ವಲ್ಪ ಹೊತ್ತು ನೋಡಿ, ಧೂಳು ಹಾರದಿರಲೆಂದು ಅಂಗಳದ ಆಚೆ ತುದಿಗೆ ಹೋದಳು.

ನಾನು ಕಟಕಟೆಗೆ ಒರಗಿ ಊರು ನೋಡಿದೆ. ಗುಡ್ಡದ ಬುಡದಲ್ಲಿ ಆಯರ್ ಇತಾಂ ಎಂಬ ಬಡಾವಣೆ. ಅಲ್ಲಿ ಅಂತಸ್ತಿನ ಮೇಲೆ ಅಂತಸ್ತಾಗಿ ಏರಿದ ಬೌದ್ಧ ಗುಡಿ. ಅದರಾಚೆ ಬೆಂಕಿಪೊಟ್ಟಣ ನಿಲ್ಲಿಸಿದ ಹಾಗೆ ಒತ್ತೊತ್ತಾದ ಮನೆಗಳ ಕಟ್ಟಡಗಳು. ಇನ್ನೂ ಆಚೆ ಹಳೆಯ ಪಟ್ಟಣದ ಕೆಂಪು ಹೆಂಚು, ಒಂದು ದುಂಡಗಿನ ಎತ್ತರದ ಕಟ್ಟಡ, ಸಮುದ್ರ, ಸಮುದ್ರದ ಮೇಲೆ ಉದ್ದನೆಯ ಸೇತುವೆ. ಚನ್ನಗಿರಿಯ ಕೋಟೆಗುಡ್ಡ ಹತ್ತಿದರೆ ಯಾರ ಮಾಳಿಗೆಯ ಮೇಲೆ ಏನು ಒಣಗಿಸಿದ್ದಾರೆ ಎಂದು ಹೇಳಬಹುದು. ಇಲ್ಲಿ ಕೆಳಗಿದ್ದ ಅಷ್ಟು ಲಕ್ಷ ಜನರಲ್ಲಿ ನಮ್ಮನ್ನು ಬಲ್ಲವರು ಒಬ್ಬರೂ ಇರಲಿಲ್ಲ. ಅದು ಒಂಥರಾ ಹಾಯೆನಿಸಿತು. ಹಳೆಯ ಚಟಕ್ಕೆ ಒಂದು ಬಸ್ಸನ್ನು ಕಣ್ಣಿನಲ್ಲೇ ಹಿಂಬಾಲಿಸಿದೆ. ಮೂರು ನಿಲ್ದಾಣದವರೆಗೆ ಸಿಕ್ಕಿತು, ಆಮೇಲೆ ತಪ್ಪಿತು.

ಪೂಜೆ ಮುಗಿಸಿ, ಲಿಂಗವನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡು, ಅಕ್ಕ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿದಳು. ಬುತ್ತಿಯಲ್ಲಿ ಊರಿನಿಂದ ತಂದ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಇತ್ತು. ಡಬ್ಬಿಯ ಮುಚ್ಚಳ ತೆರೆದ ಸದ್ದಿಗೆ ಎಲ್ಲಿದ್ದವೋ ನಾಲ್ಕೈದು ಕೋತಿಗಳು ಬಂದು ಎದುರಿಗೇ ಪಂಕ್ತಿಗೆ ಕೂತವು. ಅಕ್ಕ ಡಬ್ಬಿ ಮುಚ್ಚಿದಳು. ಕೈ ತೊಳೆಯಲು ನಲ್ಲಿಗೆ ಬಗ್ಗಿದವಳು ಅಲ್ಲಿಂದಲೇ, "ಕೆಳಾಕೆ ಇಳಿದು ತಿಂದ್ರಾತು, ನಡಿ," ಎಂದಳು.

ಡಾಂಬರಿನ ಇಳಿಜಾರು

ರೈಲಿಗೆ ಉದ್ದನೆಯ ಸಾಲು ಇತ್ತು. ಹಿಂಬದಿಯಲ್ಲಿ ಜೀಪು ಓಡಾಡುವ ಡಾಂಬರು ರಸ್ತೆ ಇದೆ, ಇಳಿಯುವುದೇ ತಾನೇ, ನಡೆದುಬಿಡೋಣ ಎಂದವನು ನಾನೇ. ಬಸ್ಸಿನ ಕಡೆಯವರಿಗೆ ಇಳಿಜಾರೆಂದರೆ ಡೀಸೆಲ್ ಉಳಿತಾಯ. ಮೊಣಕಾಲಿನ ವಿಚಾರ ನಮಗೆ ಗೊತ್ತಾಗುವುದಿಲ್ಲ. ರಸ್ತೆ ಎಷ್ಟು ಕಡಿದಾಗಿತ್ತೆಂದರೆ ಕಾಲು ಗಂಟೆಯಲ್ಲಿ ನನ್ನ ತೊಡೆಗಳು ನಡುಗತೊಡಗಿದವು.

ಆದರೆ ಆ ಊರಿನ ವಯಸ್ಸಾದವರು ಅದೇ ರಸ್ತೆಯನ್ನು ದಿನಾ ಬೆಳಗ್ಗೆ ಹತ್ತಿ ಇಳಿಯುತ್ತಾರೆ. ಕೆಲವರು ಚಪ್ಪಾಳೆ ತಟ್ಟುತ್ತ ನಡೆಯುತ್ತಿದ್ದರು. ಕೆಲವರು ಹಿಂದುಮುಂದಾಗಿ, ಬೆನ್ನು ಇಳಿಜಾರಿನ ಕಡೆ, ಮುಖ ಗುಡ್ಡದ ಕಡೆ ಮಾಡಿಕೊಂಡು ಇಳಿಯುತ್ತಿದ್ದರು. ಒಬ್ಬ ಅಜ್ಜಿ ನನ್ನ ಕಾಲು ನೋಡಿ ಮರುಗಿ, ನನ್ನನ್ನು ಹಿಡಿದು ತಿರುಗಿಸಿಯೇ ಬಿಟ್ಟಳು. ಆಶ್ಚರ್ಯವೆಂದರೆ ನೋವು ಅರ್ಧ ಇಳಿಯಿತು. ಅಕ್ಕನೂ ತಿರುಗಿದಳು.

"ಊರಾಗೆ ಯಾರಿಗೂ ಹೇಳಬ್ಯಾಡ," ಎಂದಳು.

ಇನ್ನೊಂದು ವಿಚಿತ್ರ ಕಂಡಿತು. ಹತ್ತಿ ಬರುವವರ ಕೈಯಲ್ಲೆಲ್ಲ ಏನಾದರೊಂದು ಇರುತ್ತಿತ್ತು. ಒಬ್ಬರ ಹತ್ತಿರ ನೀರಿನ ಕ್ಯಾನು, ಇನ್ನೊಬ್ಬರ ಹತ್ತಿರ ಸಕ್ಕರೆ ಪೊಟ್ಟಣ, ಮತ್ತೊಬ್ಬರ ಹತ್ತಿರ ಬಿಸ್ಕತ್ತು. ಅವರೆಲ್ಲ ಒಂದು ತಿರುವಿನಲ್ಲಿ ಮರೆಯಾಗಿ ಬರಿಗೈಯಲ್ಲಿ ಹೊರಬರುತ್ತಿದ್ದರು.

ಚಹಾದ ಚಪ್ಪರ

ಆ ತಿರುವಿನಲ್ಲಿ ಒಂದು ತಗಡಿನ ಚಪ್ಪರ. ಕೆಳಗೆ ಒಲೆ, ದೊಡ್ಡ ಕೆಟಲ್ಲು, ಲೋಟಗಳು. ಗುಡ್ಡ ಹತ್ತುವವರೇ ಸಾಮಾನು ಹೊತ್ತು ತರುತ್ತಾರೆ, ನಿವೃತ್ತರಾದ ಮುದುಕರು ಸರದಿಯ ಮೇಲೆ ಚಹಾ ಕಾಯಿಸುತ್ತಾರೆ, ಬಂದವರು ಕುಡಿದು ತಮ್ಮ ಲೋಟ ತಾವೇ ತೊಳೆದಿಡುತ್ತಾರೆ. ಅಂದು ಸರದಿಯಲ್ಲಿದ್ದವರು ಲಿಮ್ ಎಂಬ ಎಪ್ಪತ್ತು ದಾಟಿದ ಚೀನೀ ಹಿರಿಯರು. ಹಿಂದೆ ಬಂದರಿನಲ್ಲಿ ಗುಮಾಸ್ತರಾಗಿದ್ದರಂತೆ. ಅವರದೂ ನನ್ನದೂ ಹರಕು ಇಂಗ್ಲಿಷು ಸರಿಜೋಡಿಯಾಯಿತು.

"ಇದು ನಮ್ಮ ಮಠದ ದಾಸೋಹ ಇದ್ದಂಗೆ ಐತಲ್ಲ ತಮ್ಮಾ," ಎಂದು ಅಕ್ಕ ಖುಷಿಯಾದಳು. ಆ ದೇಶದಲ್ಲಿ ಅವಳು ಮೆಚ್ಚಿದ ಮೊದಲ ವಸ್ತು ಅದು. ಬೆಂಚಿನ ಮೇಲೆ ಕೂತು ಬುತ್ತಿ ಬಿಚ್ಚಿದಳು. ಲಿಮ್ ಅವರು ಮುಂದೆ ಚಹಾ ಇಟ್ಟರು. ಅಕ್ಕ ರೊಟ್ಟಿ ಮುರಿದು, ತಿನ್ನುವ ಮುಂಚೆ ಎಂದಿನಂತೆ ಲಿಂಗ ಮುಟ್ಟಿಕೊಳ್ಳಲು ಕೈಯನ್ನು ಎದೆಗೆ ಒಯ್ದಳು.

ಕೈ ಅಲ್ಲೇ ನಿಂತಿತು. ಸೆರಗು ಕೊಡವಿದಳು, ಸೊಂಟ ತಡವಿದಳು, ಎದ್ದು ನಿಂತು ಸೀರೆಯ ನೆರಿಗೆ ಜಾಡಿಸಿದಳು. ಏನೂ ಬೀಳಲಿಲ್ಲ.

"ಇಲ್ಲ," ಎಂದಳು.

ಕೊರಳಲ್ಲಿ ದಾರವೂ ಇರಲಿಲ್ಲ. ಕ್ವಿಂಟಾಲ್ ತಡೆಯುವ ದಾರ ಕಡಿದಿರಲಾರದು, ನುಣುಪಿಗೆ ಗಂಟು ಜಾರಿರಬೇಕು. ಅದನ್ನು ಇಬ್ಬರೂ ಒಟ್ಟಿಗೇ ಅರ್ಥಮಾಡಿಕೊಂಡೆವು. ಮುರಿದ ರೊಟ್ಟಿಯನ್ನು ಅವಳು ಡಬ್ಬಿಗೆ ವಾಪಸ್ ಹಾಕಿ, ಚಹಾದ ಲೋಟವನ್ನು ದೂರ ಸರಿಸಿದಳು.

ನಾನು ಗಡಿಯಾರ ನೋಡಿದೆ. ಮಾತ್ರೆ ನುಂಗಿ ಒಂದೂಕಾಲು ಗಂಟೆಯಾಗಿತ್ತು. ಹಿಂದೊಮ್ಮೆ ಹೀಗೆಯೇ ಊಟ ತಡವಾಗಿ ಅವಳು ಅಂಗಡಿಯಲ್ಲಿ ಎಚ್ಚರ ತಪ್ಪಿ ಬಿದ್ದದ್ದು ನೆನಪಿತ್ತು. "ಅಕ್ಕಾ, ಮೊದಲು ಒಂದು ತುತ್ತು ತಿನ್ನು, ಆಮೇಲೆ ಹುಡುಕಾನ," ಎಂದೆ.

"ಹೆಂಗ್ ತಿನ್ನಾಕೆ ಆಗ್ತೈತೆ?"

"ಬರೀ ಸಕ್ಕರೆ ತಗೋ. ಔಷಧಿ ಅನ್ಕೋ."

"ಔಷಧಿಗೆ ಬ್ಯಾರೆ ಬಾಯಿ ಐತೇನು ನಂಗೆ?"

ಅವಳ ಮೇಲ್ದುಟಿಯ ಮೇಲೆ ಬೆವರು ಕಾಣಿಸುತ್ತಿತ್ತು. ನನಗೆ ಹೆದರಿಕೆಯಾಯಿತು. ಪರಊರಿನಲ್ಲಿ, ಗುಡ್ಡದ ನಡುವೆ, ಅಕ್ಕನನ್ನು ಕಳೆದುಕೊಳ್ಳುತ್ತೇನೆ ಎಂಬ ಹೆದರಿಕೆ. ಅದರ ಜೊತೆಗೇ ಅವಳ ಹಟದ ಮೇಲೆ ಕೆಟ್ಟ ಸಿಟ್ಟೂ ಬಂತು.

ಏನಾಯಿತು ಎಂದು ಲಿಮ್ ಕೇಳಿದರು. ಕಪ್ಪಗೆ, ಇಷ್ಟು ದಪ್ಪ, ಬಿಳಿ ಬಟ್ಟೆಯಲ್ಲಿ ಸುತ್ತಿದೆ ಎಂದೆ. ಬೆಲೆಬಾಳುವ ಕಲ್ಲೇ ಎಂದರು. ಅಲ್ಲ, ದೇವರು ಎಂದೆ. ಅದು ಸಿಗುವವರೆಗೆ ಈಕೆ ತಿನ್ನುವುದಿಲ್ಲ, ಮಾತ್ರೆ ತಿಂದಿದ್ದಾಳೆ ಎಂದೆ. ಅವರಿಗೆ ಎಲ್ಲ ತಿಳಿಯಿತು. ತಮ್ಮ ಅಂಗಿಯ ಒಳಗಿನಿಂದ ಒಂದು ಕೆಂಪು ತಾಯಿತ ಎಳೆದು ತೋರಿಸಿ, ನೀನೂ ಅಂಥದ್ದು ಕಟ್ಟಿದ್ದೀಯಾ ಎಂದರು.

"ಮನೆಯಲ್ಲಿದೆ," ಎಂದೆ.

"ಮನೆಯಲ್ಲಿ ಎಲ್ಲಿ?"

"ಕಪಾಟಿನಲ್ಲಿ."

ಲಿಮ್ ತಾಯಿತವನ್ನು ಮತ್ತೆ ಅಂಗಿಯೊಳಗೆ ಇಳಿಬಿಟ್ಟರು. ಫೋನು ತೆಗೆದು, ಗುಡ್ಡ ಹತ್ತುವವರ ವಾಟ್ಸಾಪ್ ಗುಂಪಿಗೆ ಚೀನೀ ಭಾಷೆಯಲ್ಲಿ ಏನೋ ಹೇಳಿ ಕಳಿಸಿದರು. ಏನು ಹೇಳಿದಿರಿ ಎಂದು ಕೇಳಿದ್ದಕ್ಕೆ, ಇಂಡಿಯಾದ ಒಬ್ಬ ಅಮ್ಮನ ದೇವರು ರಸ್ತೆಯಲ್ಲಿ ಬಿದ್ದಿದೆ, ಎಲ್ಲರೂ ನೆಲ ನೋಡಿಕೊಂಡು ನಡೆಯಿರಿ ಎಂದು ಕಳಿಸಿದೆ ಅಂದರು. ಅಕ್ಕನ ಪಕ್ಕದಲ್ಲಿ ಕೂತು ಅವಳ ಮುಂಗೈ ನಾಡಿ ಹಿಡಿದುಕೊಂಡರು. ಬೇರೆ ದಿನವಾಗಿದ್ದರೆ ಪರಗಂಡಸು ಕೈ ಹಿಡಿದದ್ದಕ್ಕೆ ಅಕ್ಕ ಊರು ಒಂದು ಮಾಡುತ್ತಿದ್ದಳು.

ಮತ್ತೆ ಮೇಲಕ್ಕೆ

ಇಳಿದ ರಸ್ತೆಯನ್ನೇ ಹತ್ತಿದೆ. ಒಂದು ಕಡೆಯ ಚರಂಡಿ ನೋಡುತ್ತ, ಇನ್ನೊಂದು ಕಡೆಯ ಹುಲ್ಲು ಕೆದಕುತ್ತ. ಉಸಿರು ಸಿಗುತ್ತಿರಲಿಲ್ಲ. ತಿರುವು ದಾಟಿದಾಗ ಎದುರಿನಿಂದ ಇಳಿದು ಬರುತ್ತಿದ್ದವರನ್ನು ಕಂಡೆ. ಆರೇಳು ಮಂದಿ, ರಸ್ತೆಯ ಅಗಲಕ್ಕೆ ಹರಡಿಕೊಂಡು, ಎಲ್ಲರೂ ತಲೆ ತಗ್ಗಿಸಿ ನಡೆಯುತ್ತಿದ್ದರು. ನನ್ನನ್ನು ಬೆನ್ನು ತಿರುಗಿಸಿ ನಡೆಸಿದ್ದ ಅಜ್ಜಿ ಊರುಗೋಲಿನಿಂದ ತರಗೆಲೆ ಸರಿಸುತ್ತಿದ್ದಳು. ಚಪ್ಪಾಳೆ ತಟ್ಟುತ್ತಿದ್ದವರು ಚಪ್ಪಾಳೆ ಬಿಟ್ಟಿದ್ದರು. ಇಷ್ಟಲಿಂಗ ಎಂದರೇನೆಂದು ಅವರಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ. ನಾನು ನಿಂತಲ್ಲೇ ಅವರಿಗೆ ಕೈ ಮುಗಿದೆ. ನನ್ನ ಸ್ವಭಾವಕ್ಕೆ ಇದು ಹೊಸದು, ಅದಕ್ಕೇ ಬರೆಯುತ್ತಿದ್ದೇನೆ.

ಅವರಲ್ಲೊಬ್ಬರು ಫೋನು ನೋಡಿ ನನಗೆ ಕೈ ಮಾಡಿ ಮೇಲೆ ತೋರಿಸಿದರು. ಸಿಕ್ಕಿದೆ, ಬರುತ್ತಿದೆ ಎಂದರು.

ಇನ್ನೆರಡು ತಿರುವು ಹತ್ತಿದಾಗ ಗುಡಿಯ ಅಂಗಳ ಗುಡಿಸುತ್ತಿದ್ದ ಹೆಂಗಸು ಬರುವುದು ಕಂಡಿತು. ಬೂಟು ಬಿಚ್ಚಿ ಕೈಯಲ್ಲಿ ಹಿಡಿದು, ಬರಿಗಾಲಿನಲ್ಲಿ ಇಳಿಯುತ್ತಿದ್ದಳು. ಕೊರಳಲ್ಲಿ ಅದೇ ಪ್ಲಾಸ್ಟಿಕ್ ದಾರ, ಎದೆಯ ಮೇಲೆ ಬಿಳಿ ಬಟ್ಟೆಯ ಗಂಟು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಎರಡು ವರ್ಷ ಹೊಸೂರು ಗಡಿಯ ಕಡೆ ಇದ್ದೆ. ಆಗ ಕಲಿತ ತಮಿಳು ಇಲ್ಲಿ ಕೆಲಸಕ್ಕೆ ಬಂತು. ಅವಳ ಹೆಸರು ಲೆಚ್ಚುಮಿ. ನಲ್ಲಿಯ ಕೆಳಗೆ ಬಿದ್ದದ್ದನ್ನು ನಾವು ಹೋದ ಸ್ವಲ್ಪ ಹೊತ್ತಿಗೇ ಕಂಡಿದ್ದಾಳೆ. ರೈಲಿನ ಸಾಲಿನಲ್ಲೆಲ್ಲ ನಮ್ಮನ್ನು ಹುಡುಕಿದ್ದಾಳೆ. ಆಮೇಲೆ ಒಬ್ಬ ಚಾರಣಿಗ ಸುದ್ದಿ ಹೇಳಿ, ಕೊಡು, ಚೀಲದಲ್ಲಿ ಹಾಕಿಕೊಂಡು ಓಡಿ ಕೊಟ್ಟುಬಿಡುತ್ತೇನೆ ಎಂದನಂತೆ. ಇವಳು ಕೊಟ್ಟಿಲ್ಲ. ಆ ಅಮ್ಮ ಅಂಗೈಯಲ್ಲಿ ಇಟ್ಟು ನೋಡುತ್ತಿದ್ದುದನ್ನು ನಾನು ಕಂಡಿದ್ದೇನೆ, ಅದು ಚೀಲದಲ್ಲಿ ಹೋಗುವ ಸ್ವಾಮಿ ಅಲ್ಲ ಎಂದಳು.

ನಾನು ಕೈ ಚಾಚಿದೆ. "ಅಮ್ಮಾ ಕೈಯಿಲ ತಾನ್ ಕುಡುಪ್ಪೇನ್," ಅಮ್ಮನ ಕೈಗೇ ಕೊಡುತ್ತೇನೆ ಎಂದು ಮುಂದೆ ನಡೆದಳು. ಬಿಸಿಲೇರಿತ್ತು. ಅವಳ ತುಟಿ ಒಣಗಿದ್ದು ಕಂಡು ನನ್ನ ನೀರಿನ ಬಾಟಲಿ ನೀಡಿದೆ. ಬೇಡ ಎಂದು ತಲೆಯಾಡಿಸಿದಳು. ಪರರ ಬಾಟಲಿ, ಸಂಕೋಚ ಇರಬೇಕು ಅಂದುಕೊಂಡೆ.

ಇಳಿಯುತ್ತ ನನಗೆ ಇನ್ನೊಂದು ಚಿಂತೆ ಹತ್ತಿತು. ಅಕ್ಕನ ಲಿಂಗವನ್ನು ಮನೆಯಲ್ಲಿ ಯಾರೂ ಮುಟ್ಟುವಂತಿಲ್ಲ. ಒಡಹುಟ್ಟಿದ ನನಗೂ ಆ ಹಕ್ಕು ಇಲ್ಲ. ಈಗ ಜಾತಿ ಕುಲ ಒಂದೂ ಗೊತ್ತಿಲ್ಲದ ಒಬ್ಬಳು ಅದನ್ನು ಕೊರಳಿಗೇ ಕಟ್ಟಿಕೊಂಡು ಬರುತ್ತಿದ್ದಾಳೆ. ಇದು ಮೈಲಿಗೆಯಾಯಿತು, ಊರಿಗೆ ಹೋಗಿ ಸ್ವಾಮಿಗಳ ಕೈಯಲ್ಲಿ ಶುದ್ಧಿ ಮಾಡಿಸುವವರೆಗೆ ಉಪವಾಸ ಎಂದುಬಿಟ್ಟರೆ? ಊರು ಇನ್ನೂ ಮೂರು ದಿನ ದೂರದಲ್ಲಿತ್ತು.

ಚಪ್ಪರದ ಬೆಂಚು

ಅಕ್ಕ ಕಂಬಕ್ಕೆ ಒರಗಿ ಕೂತಿದ್ದಳು. ಮುಖ ಬಿಳಿಚಿ, ಕೈಗಳು ತೊಡೆಯ ಮೇಲೆ ತಾವಾಗಿ ನಡುಗುತ್ತಿದ್ದವು. ಆಂಬುಲೆನ್ಸಿಗೆ ಹೇಳಲೇ ಎಂದು ಲಿಮ್ ನನ್ನನ್ನು ಕಣ್ಣಿನಲ್ಲೇ ಕೇಳಿದರು. ಲೆಚ್ಚುಮಿ ಬೂಟುಗಳನ್ನು ದೂರ ಇಟ್ಟು, ಕೈ ತೊಳೆದು, ಕೊರಳಿನಿಂದ ಬಿಚ್ಚಿ, ಎರಡೂ ಕೈಯಲ್ಲಿ ಹಿಡಿದು ನಿಂತಳು. ಅಕ್ಕ ಕಣ್ಣು ತೆರೆದು ಅವಳ ಕೊರಳನ್ನು ನೋಡಿದಳು, ಬರಿಗಾಲನ್ನು ನೋಡಿದಳು.

"ಕೊಳ್ಳಾಗೆ ಕಟ್ಕಂಡು ಬಂದ್ಯಾ?"

ನಾನು ಅನುವಾದಿಸುವ ಮುಂಚೆಯೇ ಲೆಚ್ಚುಮಿ ಹೌದೆಂದು ತಲೆಯಾಡಿಸಿದಳು. ಅಕ್ಕ ಎರಡೂ ಅಂಗೈ ಚಾಚಿ ತೆಗೆದುಕೊಂಡಳು. ಬಟ್ಟೆ ಬಿಚ್ಚಿ, ಎಡಗೈಯಲ್ಲಿಟ್ಟು, ಬಹಳ ಹೊತ್ತು ನೋಡಿದಳು. ಅವಳ ಕಣ್ಣಿನಿಂದ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ. ಲಿಮ್ ಲೆಚ್ಚುಮಿಗೆ ಒಂದು ಲೋಟ ನೀರು ಕೊಟ್ಟರು. ಅವಳು ಕುಡಿಯದೆ ಹಿಡಿದುಕೊಂಡೇ ನಿಂತಿದ್ದಳು.

"ಆಕೆ ಯಾಕೆ ಕುಡೀವಲ್ಲಳು, ಕೇಳು ತಮ್ಮಾ."

ಕೇಳಿದೆ. ಸ್ವಾಮಿ ಮೈಮೇಲೆ ಇರುವಾಗ ನೀರು ಹೇಗೆ ಕುಡಿಯುವುದು, ಈಗಲೂ ಅಮ್ಮ ಕುಡಿಯುವ ಮೊದಲು ನಾನು ಹೇಗೆ ಕುಡಿಯಲಿ ಎಂದಳು ಲೆಚ್ಚುಮಿ. ಯಾರೂ ಅವಳಿಗೆ ಆ ನಿಯಮ ಹೇಳಿರಲಿಲ್ಲ, ತಾನೇ ಮಾಡಿಕೊಂಡಿದ್ದಳು. ಅದನ್ನು ಅಕ್ಕನಿಗೆ ಕನ್ನಡದಲ್ಲಿ ಹೇಳಿದೆ.

ಅಕ್ಕ ಲೋಟ ಇಸಕೊಂಡು ಲಿಂಗದ ಮೇಲೆ ನೀರೆರೆದಳು. ಅಂಗೈಯಲ್ಲಿ ತುಂಬಿದ ಆ ನೀರನ್ನು ಮೊದಲು ತಾನು ಕುಡಿಯುವುದು ಅವಳ ಪದ್ಧತಿ; ಬೇರೆ ಯಾರಿಗೂ ಕೊಟ್ಟದ್ದನ್ನು ನಾನು ಕಂಡಿಲ್ಲ. ಅವಳು ನಡುಗುವ ಕೈಯನ್ನು ಲೆಚ್ಚುಮಿಯ ಕಡೆ ನೀಡಿದಳು.

"ಮೊದ್ಲು ನೀನು ಕುಡಿ ತಂಗಿ. ಇಷ್ಟು ದೂರ ನೀನು ಹೊತ್ತಿ."

ಕೈಯಿಂದ ಕೈಗೆ ಹೋಗುವಷ್ಟರಲ್ಲೇ ಅರ್ಧ ಚೆಲ್ಲಿತು. ಉಳಿದದ್ದನ್ನು ಲೆಚ್ಚುಮಿ ಬೊಗಸೆಯಲ್ಲಿ ಹಿಡಿದು ಕುಡಿದಳು. ಅಕ್ಕ ಮತ್ತೊಮ್ಮೆ ನೀರೆರೆದು ತಾನು ಕುಡಿದಳು. ಬಟ್ಟೆಯಲ್ಲಿ ಸುತ್ತಿ, ಬೆನ್ನು ತಿರುಗಿಸಿ ಕೂತು, ದಾರದ ಎರಡೂ ತುದಿಗಳನ್ನು ಲೆಚ್ಚುಮಿಯ ಕೈಗೆ ಕೊಟ್ಟಳು. "ನಿನ್ನ ಗಂಟು ಹಾಕು. ನಂದು ನಿಲ್ಲಲ್ಲ." ಲೆಚ್ಚುಮಿ ಮೂರು ಗಂಟು ಹಾಕಿದಳು. ಅದು ಬಿಗಿಯಾಗಿದೆಯೇ ಎಂದು ಅಕ್ಕ ಒಮ್ಮೆ ಎಳೆದು ನೋಡಿ, ನನ್ನ ಕಡೆ ತಿರುಗಿ, "ಬುತ್ತಿ ಬಿಚ್ಚು ತಮ್ಮಾ, ನಂಗೆ ಕೈ ಬಾಳ ನಡುಗ್ತಾವೆ," ಎಂದಳು.